ಹಿತ್ತಿಲಿಗೆ ಬಂದ ಹಡಗಿನ ಪೆಟ್ಟಿಗೆ

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿನತ್ತ ಹೊರಟಿತು. ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನನ ಆಲೋಚನೆ ಸರಳವಾದುದು: ಮೂಟೆಗಳನ್ನು ಒಂದೊಂದಾಗಿ ಹೊರುವ ಬದಲು ಪೆಟ್ಟಿಗೆಯನ್ನೇ ಎತ್ತಿಡುವುದು. ಸರಕು ತುಂಬುವ ವೆಚ್ಚ ಟನ್ನಿಗೆ ಸುಮಾರು ಆರು ಡಾಲರಿನಿಂದ 16 ಸೆಂಟಿಗಿಳಿಯಿತು. ಹಮಾಲರ ಬೆನ್ನು ಹಗುರಾಯಿತು, ಬುತ್ತಿಯೂ ಹಗುರಾಯಿತು. 1989ರಲ್ಲಿ ನವಾ ಶೇವಾ ಬಂದರು ತೆರೆದ ಮೇಲೆ ಮುಂಬಯಿಯ ಹಳೆಯ ಡಾಕ್‌ಗಳ ಕಂಟೇನರ್ ವಹಿವಾಟು ಕ್ರಮೇಣ ಕೊಲ್ಲಿಯಾಚೆಗೆ ಸರಿಯಿತು.

ಅದೇ 1989ರಲ್ಲಿ ಅಮೆರಿಕದ ಫಿಲಿಪ್ ಕ್ಲಾರ್ಕ್, ಕಂಟೇನರುಗಳನ್ನು ವಾಸಯೋಗ್ಯ ಕಟ್ಟಡವಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಆಮದು ಹೆಚ್ಚಿ ರಫ್ತು ಕಡಿಮೆಯಾದ ದೇಶದಲ್ಲಿ ಖಾಲಿ ಪೆಟ್ಟಿಗೆಗಳು ಉಳಿದುಬಿಡುತ್ತವೆ; ಹಳತಾದವು ಮಾರಾಟಕ್ಕೂ ಬರುತ್ತವೆ. ಹೀಗೆ ಅವು ಹಿತ್ತಿಲುಗಳನ್ನು ಸೇರಿ ಉಗ್ರಾಣಗಳಾದವು, ಕಾರ್ಯಾಗಾರಗಳಾದವು.

ಆದರೆ ಪೆಟ್ಟಿಗೆ ತನ್ನ ಹುಟ್ಟುಗುಣವನ್ನು ಬಿಡದು. ಮೇಲೆ ಪೇರಿಸಿದ ಭಾರವನ್ನು ಹೊರುವವು ನಾಲ್ಕು ಮೂಲೆಗಂಬಗಳು. ಅವನ್ನು ಬಿಗಿಹಿಡಿಯುವುದು ಸುಕ್ಕುತಗಡಿನ ಗೋಡೆ. ಕಿಟಕಿಗಾಗಿ ಅದನ್ನು ಕತ್ತರಿಸಿದರೆ ಉಕ್ಕಿನ ಚೌಕಟ್ಟು ಕೊಡಲೇಬೇಕು. ಒಳಗಿನ ತೇವ ತಂಪು ತಗಡಿಗೆ ತಾಗಿ ನೀರಾಗಿ ಉಪಕರಣಗಳಿಗೆ ತುಕ್ಕು ಹಿಡಿಸುವುದರಿಂದ ಗಾಳಿಗಂಡಿಯೂ ಬೇಕು. ಹಲಗೆಯ ನೆಲಕ್ಕೆ ಕೀಟನಾಶಕ ಉಣಿಸಿರುವುದು ವಾಡಿಕೆ. ಅದನ್ನು ತೆಗೆಯುವುದೋ ಮುಚ್ಚುವುದೋ ಕ್ಷೇಮ.

ಕೈದುಡಿಮೆಯನ್ನು ಬಂದರಿನಿಂದ ಹೊರಗಟ್ಟಿದ ಪೆಟ್ಟಿಗೆ ಇಂದು ಬಡಗಿಯ ಉಳಿಗೂ ಕಮ್ಮಾರನ ಸುತ್ತಿಗೆಗೂ ಸೂರಾಗಿದೆ. ಆದರೆ ಕೆಲಸ ಕಳೆದುಕೊಂಡ ಹಮಾಲರಿಗೆ ಆ ಸೂರು ದಕ್ಕಲಿಲ್ಲ.