ಕನ್ನಡನಾಡಿನ ಬೌದ್ಧರು ಯಾವ ಪಂಥದವರು?

ಬೌದ್ಧಮತವೆಂದೊಡನೆ ಹೀನಯಾನ, ಮಹಾಯಾನಗಳೆಂಬ ಎರಡು ಹೆಸರುಗಳು ವಾಚಕರ ನೆನಪಿಗೆ ಬರುವುವು. ಇವುಗಳಲ್ಲಿ ಮೊದಲನೆಯದು ಆ ಮಾರ್ಗದವರು ತಾವಾಗಿ ಇಟ್ಟುಕೊಂಡುದಲ್ಲ. ಪ್ರತಿಪಕ್ಷದವರು ಕೊಟ್ಟ ನಿಂದಾವಾಚಕವು. ಸಿಂಹಳದವರು ತಮ್ಮದನ್ನು ಥೇರವಾದ, ಎಂದರೆ ಸ್ಥವಿರರ ವಾದ, ಎನ್ನುವರು. ಪಾಠಶಾಲೆಗಳಲ್ಲಿ ಓದಿದವರಿಗೆ ಬೇರೊಂದು ವಿಭಾಗವು ಪರಿಚಿತವಾಗಿದೆ. 14ನೆಯ ಶತಮಾನದ ಮಾಧವನ ‘ಸರ್ವದರ್ಶನಸಂಗ್ರಹ’ವು ಬೌದ್ಧರನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬಾಹ್ಯವಸ್ತುವು ಪ್ರತ್ಯಕ್ಷವೆನ್ನುವ ವೈಭಾಷಿಕರು, ಅನುಮೇಯವೆನ್ನುವ ಸೌತ್ರಾಂತಿಕರು, ವಿಜ್ಞಾನವೊಂದೇ ಸತ್ಯವೆನ್ನುವ ಯೋಗಾಚಾರರು, ಸರ್ವವೂ ಶೂನ್ಯವೆನ್ನುವ ಮಾಧ್ಯಮಿಕರು. ಇದು ಖಂಡನಾರ್ಥವಾಗಿ ಬರೆದ ಪೂರ್ವಪಕ್ಷ. ಇದರಿಂದ ವಾದವು ತಿಳಿಯುವುದೇ ಹೊರತು, ಊರಿನ ಸೆಟ್ಟಿಯು ಯಾವ ವಿಗ್ರಹದ ಮುಂದೆ ದೀಪ ಹಚ್ಚುತ್ತಿದ್ದನೆಂಬುದು ತಿಳಿಯದು. ಅದಕ್ಕೆ ಶಾಸನಗಳೇ ಶರಣು.

ಖಾಸಬಾಗದ ನೆರೆಯ ವಡಗಾವಿ-ಮಾಧವಪುರದ ಉತ್ಖನನದಲ್ಲಿ ಸಾತವಾಹನಕಾಲದ ಪಟ್ಟಣವು ಬೆಳಕಿಗೆ ಬಂದಿದೆ. ಆದರೆ ಅಲ್ಲಿಯ ಬ್ರಾಹ್ಮೀ ಶಾಸನವು ಹೇಳುವುದು ವೈದಿಕ ಯಜ್ಞಗಳನ್ನು. ಬನವಾಸಿಗೆ ರಕ್ಖಿತನೆಂಬ ಥೇರನು ಬಂದನೆಂದು ಸಿಂಹಳದ ‘ಮಹಾವಂಸ’ದ ಮಾತು. ನಾಗಾರ್ಜುನಕೊಂಡದ 3ನೆಯ ಶತಮಾನದ ಶಾಸನವೂ ಸಿಂಹಳದ ಆಚಾರ್ಯರು ಧರ್ಮಕ್ಕೆ ಒಲಿಸಿದ ನಾಡುಗಳಲ್ಲಿ ವನವಾಸಿಯನ್ನು ಎಣಿಸುತ್ತದೆ. ಆದುದರಿಂದ ಆದಿಯಲ್ಲಿ ಸ್ಥವಿರರ ಮಾರ್ಗವೇ ಇಲ್ಲಿಗೆ ಬಂದಿರಬೇಕು.

ಚಾಲುಕ್ಯರ ಕಾಲಕ್ಕೆ ಚಿತ್ರವೇ ಬೇರೆ. ಗದಗಿನ ಬಳಿಯ ಡಂಬಳದಲ್ಲಿ, 1095ರ ಶಾಸನದ ಪ್ರಕಾರ, ಹದಿನಾರು ಜನ ಸೆಟ್ಟಿಗಳು ಬುದ್ಧವಿಹಾರವನ್ನು ಕಟ್ಟಿಸಿದ್ದರು. ಲಕ್ಕುಂಡಿಯ ವರ್ತಕನೊಬ್ಬನು ತಾರಾದೇವಿಯ ವಿಹಾರವನ್ನು ಮಾಡಿಸಿದ್ದನು. ಸಿಂಹ, ಗಜ, ಅಗ್ನಿ, ಸರ್ಪ, ಚೋರ, ಬಂಧನ, ಜಲ, ಪಿಶಾಚ ಎಂಬ ಎಂಟು ಭಯಗಳಿಂದ ಕಾಯುವವಳು ಆ ತಾರೆ. ಸರಕು ಹೇರಿಕೊಂಡು ಕಾಡುದಾರಿಯಲ್ಲಿ ನಡೆಯುವವನಿಗೆ ಶೂನ್ಯವಾದದ ಸೂಕ್ಷ್ಮಕ್ಕಿಂತ ಚೋರಭಯದ ಪರಿಹಾರವೇ ಹತ್ತಿರದ್ದು. ಇದರಲ್ಲಿ ನಗುವಂಥದೇನೂ ಇಲ್ಲ. ತಾರೆಯ ಪೂಜೆಯು ಮಹಾಯಾನ ವಜ್ರಯಾನಗಳ ಗುರುತು. ಬಳ್ಳಿಗಾವೆಯಲ್ಲಿ 1065ರಲ್ಲಿ ರೂಪಭಟ್ಟಯ್ಯನು ಕಟ್ಟಿಸಿದ ವಿಹಾರದ ದತ್ತಿಯಲ್ಲಿಯೂ ತಾರಾಭಗವತಿ, ಲೋಕೇಶ್ವರ, ಬೌದ್ಧದೇವರೊಡನೆ ಕೇಶವನ ಹೆಸರೂ ಇದೆ! ಪಂಥಗಳ ಗೆರೆಯನ್ನು ಪಂಡಿತರು ಎಳೆದಷ್ಟು ಬಿಗಿಯಾಗಿ ಜನರು ಎಳೆದಿರಲಿಲ್ಲ. 968ರಲ್ಲಿ ಆಳುಪ ಕುಂದವರ್ಮನು ಕದಿರೆಯ ವಿಹಾರದಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನು ಈಗ ಮಂಜುನಾಥ ದೇವಾಲಯದಲ್ಲಿದ್ದಾನೆ.

ವಿಹಾರಗಳು ಅಳಿದವು, ಪೂರ್ವಪಕ್ಷವಷ್ಟೇ ಪುಸ್ತಕದಲ್ಲಿ ಉಳಿಯಿತು. ಬಹುಕಾಲದ ಮೇಲೆ, 1966ರಲ್ಲಿ, ಮುಂಡಗೋಡಿನಲ್ಲಿ ಟಿಬೇಟಿನ ನಿರಾಶ್ರಿತರ ವಸತಿಯು ಆರಂಭವಾಯಿತು. ಅಲ್ಲಿಯ ಗಂದೆನ್, ಡ್ರೆಪುಂಗ್ ಮಠಗಳು ಗೆಲುಗ್ ಪಂಥದವು. ಖಾಸಬಾಗದಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಆ ಊರಿನಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದಿಸುವರು. ವೈಭಾಷಿಕಾದಿ ನಾಲ್ಕು ದರ್ಶನಗಳೂ ಅವರ ಪಾಠದಲ್ಲಿವೆ. ಮಾಧ್ಯಮಿಕವು ಅಲ್ಲಿ ಸಿದ್ಧಾಂತ. ತಾರೆಯ ಪೂಜೆಯೂ ಉಂಟು.