ಹೆಸರಿಲ್ಲದ ಅಮ್ಮಂದಿರು

ದೊಡ್ಡ ದೇವರಿಗೆ ಗೋಪುರವಿದೆ, ತೇರಿದೆ, ಸ್ಥಳಪುರಾಣವಿದೆ. ಸಣ್ಣ ದೇವರಿಗೆ ಇರುವುದು ಒಂದು ಬೇವಿನ ಮರ, ಅರಿಶಿನ ಮೆತ್ತಿದ ಒಂದು ಕಲ್ಲು, ವಾರಕ್ಕೊಮ್ಮೆ ಬಂದು ದೀಪ ಹಚ್ಚುವ ಹೆಂಗಸು. ನಮ್ಮ ಕೋಲಾರದ ಸೀಮೆಯಲ್ಲಿ ಇಂಥದೊಂದು ಗುಡಿ ಇಲ್ಲದ ಊರನ್ನು ಹುಡುಕಬೇಕು. ಮಾಲೂರಿನ ಕಡೆ ಕನ್ನಡದಲ್ಲಿ ಹಾಡಿಸಿಕೊಳ್ಳುವ ತಾಯಿ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ತೆಲುಗಿನಲ್ಲಿ ಹಾಡಿಸಿಕೊಳ್ಳುತ್ತಾಳೆ. ಭಾಷೆಯ ವಿಷಯದಲ್ಲಿ ಆಕೆಗೆ ತಕರಾರಿಲ್ಲ. ಪಂಡಿತರು ಇವರನ್ನು ಕ್ಷುದ್ರದೇವತೆಗಳೆಂದು ಕರೆದು ಪಕ್ಕಕ್ಕಿಟ್ಟರು. ಆದರೆ ಈ ಸೀಮೆಯ ಹೆಂಗಸರ ಚರಿತ್ರೆ ಬರೆಯಲು ಯಾರಾದರೂ ಕೂತರೆ ಮೊದಲು ಹೋಗಬೇಕಾದದ್ದು ಈ ಗುಡಿಗಳಿಗೇ ಎಂದು ನನಗನಿಸುತ್ತದೆ.

ಕೋಲಾರಮ್ಮನನ್ನೇ ನೋಡಿ. ಇಂದು ಆಕೆ ಊರಿಗೆಲ್ಲ ದೊಡ್ಡವಳು. ಆದರೆ ಹನ್ನೊಂದನೆಯ ಶತಮಾನದ ಚೋಳರ ತಮಿಳು ಶಾಸನಗಳು ಆಕೆಯನ್ನು ಕರೆಯುವುದು ಪಿಡಾರಿ ಎಂದು. ತಮಿಳು ನಾಡಿನಲ್ಲಿ ಪಿಡಾರಿ ಎಂದರೆ ಊರ ಗಡಿ ಕಾಯುವ ಗ್ರಾಮದೇವತೆ. ರಾಜೇಂದ್ರ ಚೋಳನ ಕಾಲದಲ್ಲಿ ಆಕೆಯ ಇಟ್ಟಿಗೆಯ ಗುಡಿ ಕಲ್ಲಿನದಾಯಿತು. ಅರಸರ ಕಣ್ಣು ಬಿದ್ದ ಮೇಲೆ ಸಣ್ಣವಳು ದೊಡ್ಡವಳಾದಳು. ಅದೇ ಆವರಣದಲ್ಲಿ ಚೇಳಮ್ಮ ಇದ್ದಾಳೆ. ಆಕೆಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲವೆಂದು ನಂಬಿಕೆ. ನೆಲದೊಳಗಿನ ಆಕೆಯ ಹುಂಡಿಗೆ ತಲೆಮಾರುಗಳಿಂದ ಕಾಣಿಕೆ ಬೀಳುತ್ತಲೇ ಬಂದಿದೆ. ಕತ್ತಲಲ್ಲಿ ಸೌದೆ ರಾಶಿಗೆ, ಬೆರಣಿ ಗೂಡಿಗೆ ಕೈಹಾಕುತ್ತಿದ್ದವರು ಯಾರು ಎಂದು ಒಂದು ಗಳಿಗೆ ಯೋಚಿಸಿದರೆ, ಚೇಳಮ್ಮ ಯಾರ ದೇವರು ಎಂಬುದು ತಾನೇ ತಿಳಿಯುತ್ತದೆ.

ಮಾರಮ್ಮನದೂ ಹಾಗೆಯೇ. ಸಿಡುಬು ಬಂದರೆ ನಮ್ಮ ಹಿರಿಯರು ರೋಗವೆನ್ನುತ್ತಿರಲಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪು, ಮೊಸರನ್ನ, ತಂಬಿಟ್ಟಿನ ದೀಪ ಎಲ್ಲವೂ ಆ ತಾಯಿಯನ್ನು ತಂಪು ಮಾಡುವುದಕ್ಕೆ. ಮಗುವಿನ ಪಕ್ಕದಲ್ಲಿ ಬೇವಿನ ಸೊಪ್ಪು ಹಿಡಿದು ರಾತ್ರಿಯೆಲ್ಲ ಕೂತವಳಿಗೆ ಬೇರೆ ಯಾವ ಔಷಧಿ ಗೊತ್ತಿತ್ತು? 1975ರ ಮೇ ತಿಂಗಳ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಲಿಲ್ಲ. 1980ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ರೋಗ ಹೋಯಿತು, ಮಾರಮ್ಮ ಹೋಗಲಿಲ್ಲ. ಈಗ ಆಕೆ ಮಗಳ ಮದುವೆ, ಮಗನ ಕೆಲಸ, ಬತ್ತಿಹೋದ ಬೋರ್‌ವೆಲ್ಲುಗಳ ಅಹವಾಲು ಕೇಳುತ್ತಾಳೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮನೆಯಲ್ಲಿ ಹೇಳಲಾಗದ ಮಾತಿಗೆ ಒಂದು ಕಿವಿಯಂತೂ ಬೇಕು.

ಭಯದಿಂದ ಹುಟ್ಟಿದ ದೇವರು ಇವರು. ಸಾವಿನಿಂದ ಹುಟ್ಟಿದವರ ಕಥೆ ಬೇರೆ.

ಮಾಸ್ತಿ ಎಂದೊಡನೆ ನಮಗೆ ನೆನಪಾಗುವುದು ಸಣ್ಣಕಥೆಗಳ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಅವರ ಹೆಸರಿಗೆ ಸೇರಿಕೊಂಡ ಆ ಊರು ಮಾಲೂರು ತಾಲ್ಲೂಕಿನದು. ಊರಿಗೆ ಆ ಹೆಸರು ಬಂದದ್ದು ‘ಮಹಾಸತಿ’ ಎಂಬುದರಿಂದ ಎನ್ನುತ್ತಾರೆ. ಗಂಡನ ಚಿತೆಯೇರಿದ ಹೆಣ್ಣಿಗೆ ನಿಲ್ಲಿಸಿದ ಕಲ್ಲು ಮಹಾಸತಿ ಕಲ್ಲು, ಆಡುಮಾತಿನಲ್ಲಿ ಮಾಸ್ತಿಕಲ್ಲು. ಅದನ್ನು ಗುರುತಿಸುವುದು ಕಷ್ಟವಲ್ಲ. ಕಂಬದಿಂದ ಒಂದು ತೋಳು ಹೊರಟು, ಮೊಣಕೈಯಲ್ಲಿ ಬಾಗಿ, ಅಂಗೈ ಮೇಲೆತ್ತಿರುತ್ತದೆ. ಕೈತುಂಬ ಬಳೆ, ಎಷ್ಟೋ ಕಲ್ಲುಗಳಲ್ಲಿ ಬೆರಳ ನಡುವೆ ಒಂದು ನಿಂಬೆಹಣ್ಣು. ಆ ಬಳೆಯೇ ಕಲ್ಲಿನ ಮಾತು: ಇವಳು ವಿಧವೆಯಾಗಲಿಲ್ಲ, ಮುತ್ತೈದೆಯಾಗಿಯೇ ಹೋದಳು. ಬದುಕಿ ಉಳಿದಿದ್ದರೆ ಒಡೆಸುತ್ತಿದ್ದ ಬಳೆಗಳನ್ನು ಸತ್ತದ್ದಕ್ಕಾಗಿ ಕಲ್ಲಿನಲ್ಲಿ ಕೊರೆಸಿಕೊಟ್ಟರು.

ವೀರಗಲ್ಲಿನಲ್ಲಿ ಸತ್ತವನ ಹೆಸರು, ಊರು, ಯಾವ ತುರುಗಾಳಗದಲ್ಲಿ ಮಡಿದ ಎಂಬುದು ಎಷ್ಟೋ ಸಲ ಸಿಗುತ್ತದೆ. ಮಾಸ್ತಿಕಲ್ಲುಗಳಲ್ಲಿ ಅನೇಕವು ಮೂಕ. ಹೆಸರು ಉಳಿದ ಅಪರೂಪದ ಒಬ್ಬಳು ದೇಕಬ್ಬೆ. ಅವಳು ಈ ಸೀಮೆಯವಳಲ್ಲ, ಹೆಗ್ಗಡದೇವನಕೋಟೆಯ ಬೆಳತೂರಿನವಳು. ಆದರೆ ಆಗ ಅಲ್ಲಿಯೂ ಇಲ್ಲಿಯೂ ಚೋಳರದೇ ಆಳ್ವಿಕೆ. 1057ರ ಶಾಸನ ಅವಳ ಕಥೆ ಹೇಳುತ್ತದೆ. ಗಂಡ ಏಚ ದಾಯಾದಿಯನ್ನು ಕೊಂದ ತಪ್ಪಿಗೆ ಅರಸ ಅವನನ್ನು ಕೊಲ್ಲಿಸಿದ. ಹೆತ್ತವರು ಬೇಡವೆಂದು ಎಷ್ಟು ಬೇಡಿಕೊಂಡರೂ ಕೇಳದೆ ದೇಕಬ್ಬೆ ದಾನ ಕೊಟ್ಟು, ಕೈಮುಗಿದು ಬೆಂಕಿ ಹೊಕ್ಕಳು. ಶಾಸನದ ಕವಿಗೆ ಅವಳ ಧೈರ್ಯ ಕಂಡಿತು. ಓದುವಾಗ ನನಗೆ ಕಾಣುವುದು ಅಡ್ಡ ನಿಂತ ತಂದೆತಾಯಿ. ಸಾವಿರ ವರ್ಷದ ಹಿಂದೆಯೂ ಮಗಳು ಬದುಕಲಿ ಎಂದವರಿದ್ದರು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಉಳಿದವರೆಲ್ಲ ಬರೀ ಮಾಸ್ತಿಯಮ್ಮಂದಿರು. ದೇವರಾಗಿದ್ದರಿಂದ ಅವರಿಗೆ ಅರಿಶಿನ ಕುಂಕುಮ ದಕ್ಕಿತು. ಹೆಸರು, ವಯಸ್ಸು, ತವರೂರು ಅಳಿಸಿಹೋಯಿತು. ತಾನಾಗಿ ಹೋದಳೋ, ದೂಡಿದರೋ, ಹೋಗದೆ ಬೇರೆ ದಾರಿಯಿರಲಿಲ್ಲವೋ ಎಂದು ದೇವರನ್ನು ಯಾರೂ ಕೇಳುವುದಿಲ್ಲ. ಪೂಜೆ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ.

ಇದು ಹಳೆಯ ಕಾಲದ ಮಾತೆಂದು ಬಿಡುವಂತಿಲ್ಲ. 1987ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟು ವರ್ಷದ ರೂಪ್ ಕನ್ವರ್ ಗಂಡನ ಚಿತೆಯಲ್ಲಿ ಬೆಂದಳು. ಕೆಲವೇ ದಿನಗಳಲ್ಲಿ ಆ ಜಾಗಕ್ಕೆ ತೆಂಗಿನಕಾಯಿ ಹಿಡಿದು ಸಾವಿರಾರು ಜನ ಬಂದರು. ಸಣ್ಣ ದೇವರು ಹೇಗೆ ಹುಟ್ಟುತ್ತದೆಂಬುದು ನಮ್ಮ ಕಣ್ಣೆದುರಿಗೇ ನಡೆದುಹೋಯಿತು. ಸತಿಯನ್ನು ವೈಭವೀಕರಿಸುವುದೂ ಅಪರಾಧವೆಂದು ಆ ವರ್ಷವೇ ಕಾನೂನು ಬಂತು.

ಹಾಗೆಂದು ಆ ಕಲ್ಲುಗಳನ್ನು ಕಿತ್ತೆಸೆಯಬೇಕೆ? ಖಂಡಿತ ಬೇಡ. ರಸ್ತೆ ಅಗಲ ಮಾಡುವವರು, ಸೈಟು ಹಂಚುವವರು ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತಿದ್ದಾರೆ. ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿಯ ಮೇಲಿನ ಚಪ್ಪಡಿಯಾಗಿ ಮಲಗಿದ ಶಾಸನಗಳಿಗೆ ಲೆಕ್ಕವಿಲ್ಲ. ನಿಮ್ಮೂರ ಕೆರೆ ಏರಿಯ ಮೇಲೆ ಬಳೆ ತೊಟ್ಟ ಕೈಯೊಂದು ನಿಂತಿದ್ದರೆ ಅದನ್ನು ಉಳಿಸಿಕೊಳ್ಳಿ, ಮಕ್ಕಳಿಗೆ ತೋರಿಸಿ. ಆದರೆ ತೋರಿಸುವಾಗ ‘ಇವಳು ದೇವರು, ಕೈ ಮುಗಿ’ ಎನ್ನುವುದಕ್ಕಿಂತ ಮೊದಲು, ‘ಇವಳು ಒಂದು ಮನೆಯ ಮಗಳು’ ಎಂದು ಹೇಳಿ.