ಫ್ಯಾಡ್ ಪ್ರೋಟೀನ್: ಜೀವಕೋಶದ ಯೋಜಿತ ಮರಣದಲ್ಲಿ ಅದರ ಪಾತ್ರ

ಮಾನವ ಶರೀರದಲ್ಲಿ ಸೋಂಕು ತಗುಲಿದ, ಹಾನಿಗೊಳಗಾದ ಅಥವಾ ಅಗತ್ಯ ಮುಗಿದ ಜೀವಕೋಶಗಳು ನಿಗದಿತ ಕ್ರಮದಲ್ಲಿ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಈ ಪ್ರಕ್ರಿಯೆಯನ್ನು ಅಪೊಪ್ಟೋಸಿಸ್ ಎಂದು ಕರೆಯಲಾಗುತ್ತದೆ. ಇದರ ಸಂಕೇತವು ಹೊರಗಿನಿಂದ ಬಂದಾಗ ಅದನ್ನು ಒಳಗಿನ ಕಿಣ್ವಗಳಿಗೆ ತಲುಪಿಸುವ ಸಂಯೋಜಕ ಪ್ರೋಟೀನುಗಳಲ್ಲಿ ಫ್ಯಾಡ್ ಪ್ರಮುಖವಾದುದಾಗಿರುತ್ತದೆ.

ಸದರಿ ಪ್ರೋಟೀನನ್ನು 1995ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವಿಶ್ವ ದೀಕ್ಷಿತ್ ಅವರ ತಂಡ ಹಾಗೂ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಡೇವಿಡ್ ವಾಲಕ್ ಅವರ ತಂಡ ಪ್ರತ್ಯೇಕವಾಗಿ ವರದಿ ಮಾಡಿದವು. ಎರಡನೆಯ ತಂಡವು ಇದನ್ನು ಮಾರ್ಟ್-1 ಎಂದು ಹೆಸರಿಸಿತ್ತು. ಹಳೆಯ ಲೇಖನಗಳನ್ನು ಓದುವವರು ಇವೆರಡೂ ಒಂದೇ ಎಂಬುದನ್ನು ಗಮನಿಸತಕ್ಕದ್ದು.

ಮಾನವನ ಫ್ಯಾಡ್ 208 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್ ಆಗಿದ್ದು, ಇದರ ವಂಶವಾಹಿಯು 11ನೆಯ ವರ್ಣತಂತುವಿನಲ್ಲಿದೆ. ರೋಗನಿರೋಧಕ ಕೋಶವೊಂದರ ಮೇಲಿನ ಫ್ಯಾಸ್ ಲಿಗ್ಯಾಂಡ್, ಮತ್ತೊಂದು ಕೋಶದ ಹೊರಪೊರೆಯಲ್ಲಿರುವ ಫ್ಯಾಸ್ ಗ್ರಾಹಕಕ್ಕೆ ಕೂಡಿದಾಗ, ಗ್ರಾಹಕದ ಒಳತುದಿಯ 'ಡೆತ್ ಡೊಮೇನ್' ಎಂಬ ಭಾಗಕ್ಕೆ ಫ್ಯಾಡ್ ತನ್ನ ಅದೇ ಬಗೆಯ ಭಾಗದಿಂದ ಅಂಟಿಕೊಳ್ಳುತ್ತದೆ. ಅದರ ಇನ್ನೊಂದು ತುದಿಯು ನಿಷ್ಕ್ರಿಯ ಸ್ಥಿತಿಯಲ್ಲಿರುವ ಕ್ಯಾಸ್ಪೇಸ್-8 ಕಿಣ್ವದ ಅಣುಗಳನ್ನು ಸೆಳೆಯುತ್ತದೆ. ಹೀಗೆ ಒಂದೆಡೆ ಸೇರಿದ ಅಣುಗಳು ಪರಸ್ಪರ ಸಕ್ರಿಯಗೊಂಡು, ಮುಂದೆ ಕ್ಯಾಸ್ಪೇಸ್-3 ಮೊದಲಾದ ಕಿಣ್ವಗಳನ್ನು ಸಕ್ರಿಯಗೊಳಿಸುತ್ತವೆ. ಜೀವಕೋಶದ ಪ್ರೋಟೀನುಗಳನ್ನು ಕತ್ತರಿಸುವ ಕೆಲಸ ಈ ಕಿಣ್ವಗಳದೇ ಹೊರತು ಫ್ಯಾಡ್‌ನದಲ್ಲ. ಕಡತವನ್ನು ಸಹಿ ಮಾಡುವ ಅಧಿಕಾರಿಯ ಮೇಜಿಗೆ ತಲುಪಿಸುವ ಸಿಬ್ಬಂದಿಗೆ ಸಹಿಯ ಅಧಿಕಾರವಿಲ್ಲದಿದ್ದರೂ, ಅವರಿಲ್ಲದೆ ಕಡತವು ಮುಂದೆ ಸಾಗದಿರುವಂತೆಯೇ ಇದು.

ಆದರೆ ಫ್ಯಾಡ್‌ನ ಪಾತ್ರ ಇಷ್ಟಕ್ಕೇ ಸೀಮಿತವಲ್ಲ. ಮರಣಸಂಕೇತದ ಪ್ರೋಟೀನ್ ಇಲ್ಲವಾದರೆ ಜೀವಕೋಶಗಳು ಹೆಚ್ಚಾಗಿ ಉಳಿಯಬೇಕೆಂಬುದು ಸಹಜ ನಿರೀಕ್ಷೆ. ಆದಾಗ್ಯೂ, 1998ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಫ್ಯಾಡ್ ಇಲ್ಲದ ಇಲಿಮರಿಗಳು ಜನನಕ್ಕೆ ಮುನ್ನವೇ ಸತ್ತವು. ಇದರ ಕಾರಣ 2011 ಮತ್ತು 2012ರ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಫ್ಯಾಡ್ ಮತ್ತು ಕ್ಯಾಸ್ಪೇಸ್-8 ಜೊತೆಗೂಡಿ, ನೆಕ್ರೊಪ್ಟೋಸಿಸ್ ಎಂಬ ಮತ್ತೊಂದು ಬಗೆಯ ಕೋಶಮರಣವನ್ನು ತಡೆಹಿಡಿದಿರುತ್ತವೆ. ಈ ಬಗೆಯ ಮರಣದಲ್ಲಿ ಕೋಶವು ಒಡೆದು ಉರಿಯೂತ ಉಂಟಾಗುತ್ತದೆ. ಅದಕ್ಕೆ ಬೇಕಾದ ರಿಪ್-ಕೆ-3 ವಂಶವಾಹಿಯನ್ನೂ ತೆಗೆದಾಗ, ಫ್ಯಾಡ್ ಇಲ್ಲದ ಇಲಿಗಳು ಜನಿಸಿ ಬೆಳೆದವು. ಆದರೆ ಅವುಗಳಲ್ಲಿ ದುಗ್ಧಕೋಶಗಳು ಮಿತಿಮೀರಿ ಶೇಖರಗೊಂಡವು.

ಮಾನವರಲ್ಲಿ ಫ್ಯಾಡ್ ಕೊರತೆ ಅತಿ ವಿರಳ. 2010ರಲ್ಲಿ ವರದಿಯಾದ ಒಂದು ಕುಟುಂಬದ ಮಕ್ಕಳಲ್ಲಿ ತೀವ್ರ ಬ್ಯಾಕ್ಟೀರಿಯಾ ಮತ್ತು ವೈರಾಣು ಸೋಂಕುಗಳು, ಜ್ವರದೊಂದಿಗೆ ಮರುಕಳಿಸುವ ಮೆದುಳಿನ ತೊಂದರೆ ಹಾಗೂ ಗುಲ್ಮದ ಕಾರ್ಯಕ್ಷೀಣತೆ ಕಂಡುಬಂದಿದ್ದವು. ಇದಕ್ಕೆ ಹೋಲಿಸಿದಲ್ಲಿ ಫ್ಯಾಸ್ ಗ್ರಾಹಕದ ದೋಷದಿಂದ ಬರುವ ಕಾಯಿಲೆಯೇ ಹೆಚ್ಚು ಪರಿಚಿತವಾದುದು. ಅದರಲ್ಲಿ ದುಗ್ಧಗ್ರಂಥಿಗಳು ಮತ್ತು ಗುಲ್ಮ ದೀರ್ಘಕಾಲ ಊದಿಕೊಂಡಿರುತ್ತವೆ. ಇಂತಹ ಲಕ್ಷಣಗಳಿಗೆ ಬೇರೆ ಸಾಮಾನ್ಯ ಕಾರಣಗಳೂ ಇರುವುದರಿಂದ, ತಜ್ಞ ವೈದ್ಯರ ತಪಾಸಣೆಯ ನಂತರವೇ ವಂಶವಾಹಿ ಪರೀಕ್ಷೆಯ ಅಗತ್ಯವನ್ನು ನಿರ್ಧರಿಸಲಾಗುತ್ತದೆ.